ಗಡಿಯಾರದಂಗಡಿ ಬೀದಿಯ ಆರು ನಿಮಿಷ

ಮಾರ್ಚ್ 4

ರೆಕಾರ್ಡಿಂಗ್ ಕಲಾವಿದರಿಗೆ,

ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀನು ಕೂಗುತ್ತೀಯ. ನೀನು ಕೂಗಿದರೆ ನಾನೂ ಕೂಗುತ್ತೇನೆ. ಅದಕ್ಕೇ ಕಾಗದ. ಇದಕ್ಕೆ ಗಂಟಲಿಲ್ಲ.

ನಿನ್ನೆ ನಿನ್ನ ಪ್ರದರ್ಶನಕ್ಕೆ ಬಂದಿದ್ದೆ. ನೀನು ಊಟಕ್ಕೆ ಹೋಗುವ ಹೊತ್ತು ನೋಡಿಕೊಂಡೇ ಬಂದೆ. ಹಳೇ ಪಂಪ್‌ಹೌಸಿಗೆ ಸುಣ್ಣ ಹೊಡೆಸಿ, ಗೋಡೆಗೆ ಇಪ್ಪತ್ತು ಹೆಡ್‌ಫೋನು ನೇತುಹಾಕಿ, ‘ನೆಲದಡಿಯ ನೀರು’ ಎಂದು ಬೋರ್ಡು ಬರೆಸಿದ್ದೀಯ. ಜನ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಒಬ್ಬಾಕೆ ತಲೆ ತೂಗುತ್ತಿದ್ದಳು. ಇಪ್ಪತ್ತಾರು ವರ್ಷದಿಂದ ನಾನು ಇದೇ ಊರಿನ ಪೈಪುಗಳಿಗೆ ಕಬ್ಬಿಣದ ಕೋಲು ಹಚ್ಚಿ, ಕೋಲಿಗೆ ಕಿವಿ ಹಚ್ಚಿ, ಎಲ್ಲಿ ಸೋರುತ್ತಿದೆ ಎಂದು ಹುಡುಕಿಕೊಂಡು ಬೀದಿಯಲ್ಲಿ ನಿಂತಿದ್ದೇನೆ. ನನ್ನನ್ನು ನೋಡಿ ಯಾರೂ ತಲೆ ತೂಗಿಲ್ಲ. ಪಕ್ಕಕ್ಕೆ ಸರಿ ಎಂದು ಹಾರ್ನ್ ಹೊಡೆದಿದ್ದಾರೆ.

ಅದಿರಲಿ. ಹದಿನಾಲ್ಕನೇ ಹೆಡ್‌ಫೋನನ್ನು ತೆಗೆಯಬೇಕು. ಗಡಿಯಾರದಂಗಡಿ ಬೀದಿಯದು. ಜನವರಿ ಇಪ್ಪತ್ತೆರಡಕ್ಕೆ ಅಲ್ಲಿ ಪೈಪು ಒಡೆದು ರಸ್ತೆ ಕುಸಿದದ್ದೂ, ಫುಟ್‌ಪಾತಿನ ಮೇಲೆ ಮೇಜು ಹಾಕಿಕೊಂಡು ಕೂತಿದ್ದ ಗಡಿಯಾರ ರಿಪೇರಿಯವರು ಮೇಜಿನ ಸಮೇತ ಹಳ್ಳಕ್ಕೆ ಬಿದ್ದು ಸತ್ತದ್ದೂ ನಿನಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ನೇತುಹಾಕಿದ್ದೀಯ. ನಮ್ಮ ನೀರು ಸರಬರಾಜು ಇಲಾಖೆಯ ವಿಚಾರಣೆ ನಡೆಯುತ್ತಿದೆ. ಇಲಾಖೆಯ ಪೈಪುಗಳಿಗೆ ನಿನ್ನ ಮೈಕು ಅಂಟಿಸಲು ನಾನು ಒಪ್ಪಿದ್ದು ಬಾಯಿಮಾತಿನಲ್ಲಿ. ಆ ಒಪ್ಪಿಗೆಯನ್ನು ಈ ಕಾಗದದಲ್ಲಿ ವಾಪಸು ತೆಗೆದುಕೊಂಡಿದ್ದೇನೆ. ಗೋಡೆಯ ಮೇಲಿಂದಷ್ಟೇ ಅಲ್ಲ, ನಿನ್ನ ಯಂತ್ರದಿಂದಲೂ ಅಳಿಸು.

ಉತ್ತರ ಬರೆಯುವ ಕಷ್ಟ ಬೇಡ. ಕೆಲಸ ಆದರೆ ಸಾಕು.

ಇಂತಿ,
ಅಕ್ಕ


ಮಾರ್ಚ್ 9

ಸನ್ಮಾನ್ಯ ಸೋರಿಕೆ ಪರಿಶೀಲಕರಿಗೆ,

ತಮ್ಮ ಆಜ್ಞೆ ತಲುಪಿತು. ನಾನು ಈ ಕೆಲಸ ಹಿಡಿದು ಹನ್ನೆರಡು ವರ್ಷವಾಯಿತು. ಅದನ್ನು ನೋಡಲು ನೀವು ಬಂದದ್ದು ಇದೇ ಮೊದಲು. ಬಂದ ಮೊದಲ ದಿನವೇ ‘ತೆಗಿ’ ಅಂದಿರಿ. ಸಂತೋಷ.

ಅಂದು ನಾನು ಊಟಕ್ಕೆ ಹೋಗಿರಲಿಲ್ಲ. ಮೇಲಿನ ಕಟ್ಟೆಯ ಮೇಲೆ ಕೂತು ತಂತಿ ಜೋಡಿಸುತ್ತಿದ್ದೆ. ಮೇಲಿಂದ ನಿಮ್ಮ ಬೈತಲೆ ಕಾಣಿಸಿತು. ಇಳಿದು ಬರೋಣ ಎನ್ನುವಷ್ಟರಲ್ಲಿ ನೀವು ಹದಿನಾಲ್ಕನೆಯದನ್ನು ಕಿವಿಗಿಟ್ಟುಕೊಂಡಿರಿ, ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡಿರಿ. ಅಷ್ಟು ಹೊತ್ತು ಅದರ ಮುಂದೆ ಯಾರೂ ನಿಂತಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು. ಅಕ್ಕನಿಗೆ ಕೊನೆಗೂ ನನ್ನದೇನೋ ತಾಗಿತು ಅಂದುಕೊಂಡೆ. ತಾಗಿದ್ದು ಏನು ಎಂದು ಈಗ ಗೊತ್ತಾಯಿತು: ಲಿಖಿತ ಅನುಮತಿ ಇಲ್ಲ.

ತೆಗೆಯುವುದಿಲ್ಲ. ಇಪ್ಪತ್ತರಲ್ಲಿ ಅತ್ಯಂತ ಸುಂದರವಾದದ್ದು ಅದೇ. ಕೆಳಗೆ ಬರೆಸಿದ್ದನ್ನು ಓದಿದಿರೋ ಇಲ್ಲವೋ: ‘ನೀರಿನ ಉಸಿರಿನ ಜೊತೆಗೆ, ಮೇಲಿನ ಅಂಗಡಿಗಳ ಟಿಕ್‌ಟಿಕ್ ಪೈಪಿನೊಳಕ್ಕೂ ಇಳಿದಿದೆ.’ ಆ ಬೀದಿ ಈಗ ಇಲ್ಲ. ಅದರದ್ದು ಎಂದು ಉಳಿದಿರುವುದು ಇದೊಂದು.

ಅಳಿಸುವುದು ನಿಮಗೆ ಹೊಸದೇನಲ್ಲ. ಅಮ್ಮನ ಕೊನೆಯ ವಾರ, ಆಸ್ಪತ್ರೆಯಲ್ಲಿ, ಅವಳ ಉಸಿರನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ನಲವತ್ತು ನಿಮಿಷ. ನಡುವೆ ಎರಡು ಸಲ ನನ್ನ ಹೆಸರು ಹಿಡಿದು ಕರೆದಿದ್ದಳು. ನಾನು ಔಷಧಿ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ನೀವು ಅದನ್ನು ಅಳಿಸಿಹಾಕಿದ್ದಿರಿ. ‘ಸಾಯೋರ ಉಸಿರನ್ನೂ ಬಿಡಲ್ವಾ ನೀನು’ ಅಂದಿರಿ, ನರ್ಸುಗಳ ಎದುರಿಗೆ. ಎರಡು ವರ್ಷವಾಯಿತು. ಅವಳ ದನಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದರೆ ನಿಮ್ಮ ದನಿ ಕೇಳಿಸುತ್ತದೆ.

ಇನ್ನೊಂದು ಸಲ ನಿಮ್ಮ ಮಾತಿಗೆ ಏನನ್ನೂ ಅಳಿಸಲಾರೆ.

ಇಂತಿ ತಮ್ಮ ಅವಿಧೇಯ,
ತಮ್ಮ


ಮಾರ್ಚ್ 13

ತಮ್ಮ ಎಂದು ಸಹಿ ಮಾಡಿದವನಿಗೆ,

ನನಗೆ ‘ನೀವು’ ಅನ್ನುವುದನ್ನು ಯಾವ ಶಾಲೆಯಲ್ಲಿ ಕಲಿತೆ? ನಿನ್ನ ಮೂಗು ಒರೆಸಿದ ಕೈ ಇದು. ‘ಅಕ್ಕಾ, ಚಡ್ಡಿ ಗುಂಡಿ ಹಾಕು’ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದವನು ಈಗ ಬಹುವಚನದಲ್ಲಿ ಉಗಿಯುತ್ತಿದ್ದೀಯ. ಉಗಿಯುವುದಿದ್ದರೆ ಏಕವಚನದಲ್ಲೇ ಉಗಿ. ಒರೆಸಿಕೊಳ್ಳುವುದು ಸುಲಭ.

ಅಮ್ಮನ ವಿಷಯ ನೀನೇ ತೆಗೆದೆ, ಹೇಳುತ್ತೇನೆ ಕೇಳು. ಅವತ್ತು ನಾನು ಬಾಗಿಲಲ್ಲಿ ನಿಂತಿದ್ದೆ. ನೀನು ಅವಳ ಬಾಯಿಯ ಹತ್ತಿರ ಮೈಕು ಹಿಡಿದು, ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ ಕೂತಿದ್ದೆ. ಅವಳು ಎರಡು ಸಲ ನಿನ್ನ ಹೆಸರು ಕರೆದಳು ಎಂದು ಬರೆದಿದ್ದೀಯ. ಹೌದು, ಕರೆದಳು. ನೀನು ಓಗೊಟ್ಟೆಯಾ? ಇಲ್ಲ. ಓಗೊಟ್ಟರೆ ರೆಕಾರ್ಡಿಂಗ್ ಕೆಡುತ್ತದೆ. ತಾಯಿ ಕರೆಯುತ್ತಿದ್ದಾಳೆ, ಮಗ ಉಸಿರು ಬಿಗಿ ಹಿಡಿದು ಸುಮ್ಮನೆ ಕೂತಿದ್ದಾನೆ, ಚೆನ್ನಾಗಿ ಬರಲಿ ಎಂದು. ಅದಕ್ಕೇ ಅಳಿಸಿದೆ. ಇವತ್ತು ಸಿಕ್ಕಿದರೂ ಅಳಿಸುತ್ತೇನೆ.

ಇನ್ನು ನೀನು ಬರೆಸಿದ ಆ ಸಾಲು. ಅದನ್ನು ಓದಿ ನನ್ನ ಮೈ ಉರಿದುಹೋಯಿತು. ಗಡಿಯಾರದ ಟಿಕ್‌ಟಿಕ್ ನಾಲ್ಕಡಿ ಮಣ್ಣು ಇಳಿದು ಪೈಪಿಗೆ ಹೋಗುತ್ತದೆಯೇನೋ ಪೆದ್ದೇ? ಯಾವ ಗಡಿಯಾರ ಹಾಗೆ ತಪ್ಪಿ ತಪ್ಪಿ ಬಡಿಯುತ್ತದೆ? ಅದು ಕಲ್ಲು. ಪೈಪು ತೂತಾಗಿ ನೀರು ಚಿಮ್ಮತೊಡಗಿದರೆ ಸುತ್ತಲಿನ ಮಣ್ಣು ಕೊಚ್ಚಿಹೋಗಿ ಒಳಗೊಳಗೇ ಪೊಳ್ಳಾಗುತ್ತದೆ. ಉಳಿದ ಸಣ್ಣ ಕಲ್ಲುಗಳು ಆ ನೀರಿನಲ್ಲಿ ಕುಣಿಯುತ್ತ ಪೈಪಿಗೆ ಬಡಿಯುತ್ತವೆ. ಹಿಂದೆ ಕೇಳುವ ಒಣ ‘ಸುಯ್’ ಇದೆಯಲ್ಲ, ಅದು ನೀರಿನ ಉಸಿರಲ್ಲ, ಸೋರಿಕೆ. ಹರಿಯುವ ನೀರು ಗೊಣಗುತ್ತದೆ, ಸೋರುವ ನೀರು ಸೀಳುತ್ತದೆ. ಕೆಲಸಕ್ಕೆ ಸೇರಿ ಆರು ತಿಂಗಳಾದವರಿಗೂ ಇದು ಗೊತ್ತು. ಗೊತ್ತಿಲ್ಲದ್ದನ್ನು ಗೋಡೆಯ ಮೇಲೆ ಬರೆಸಿ ಊರಿಗೆ ಪಾಠ ಹೇಳಬೇಡ.

ಹೇಳಿದ್ದನ್ನು ಮಾಡು. ಅಳಿಸು.

ಅಕ್ಕ


ಮಾರ್ಚ್ 30

ಅಕ್ಕ,

ನಿನ್ನ ಕಾಗದ ಹದಿನೇಳು ದಿನ ನನ್ನ ಮೇಜಿನ ಮೇಲೆ ಬಿದ್ದಿತ್ತು. ಮೊದಲ ಸಲ ಓದಿದಾಗ ಅಮ್ಮನ ಭಾಗ ಮಾತ್ರ ಕಂಡಿತು. ಹೌದು, ನಾನು ಓಗೊಡಲಿಲ್ಲ. ಅದು ನನಗೂ ಗೊತ್ತಿತ್ತು ಎಂದೇ ಎರಡು ವರ್ಷ ನಿನ್ನನ್ನು ದ್ವೇಷಿಸಿದೆ.

ನಾಲ್ಕನೇ ಸಲ ಓದುವಾಗ ಕಲ್ಲಿನ ಭಾಗ ಕಂಡಿತು. ನೀನು ನನ್ನನ್ನು ಪೆದ್ದ ಅನ್ನುವ ಆತುರದಲ್ಲಿ ಏನು ಬರೆದುಬಿಟ್ಟಿದ್ದೀಯ ಎಂದು ನಿನಗೇ ಗೊತ್ತಾಗಿಲ್ಲ. ಆ ಬೀದಿಯ ಕೆಳಗೆ ಆಗಲೇ ಮಣ್ಣು ಪೊಳ್ಳಾಗಿತ್ತು. ರಸ್ತೆ ಕುಸಿಯುವುದಕ್ಕೆ ಮೊದಲೇ.

ಪೂರ್ತಿ ರೆಕಾರ್ಡಿಂಗ್ ತೆಗೆದು ಕೇಳಿದೆ. ನಾನು ಎರಡು ಮೈಕು ಬಳಸುತ್ತೇನೆ, ನಿನಗೆ ಗೊತ್ತು. ಒಂದು ಪೈಪಿನ ಕಬ್ಬಿಣಕ್ಕೆ ಅಂಟಿಸುವುದು, ಒಂದು ಕೈಯಲ್ಲಿ ಹಿಡಿಯುವುದು. ಒಂದು ಕಿವಿಯಲ್ಲಿ ಪೈಪು, ಇನ್ನೊಂದರಲ್ಲಿ ಬೀದಿ. ಪ್ರದರ್ಶನಕ್ಕೆ ಪೈಪನ್ನಷ್ಟೇ ಹಾಕಿದ್ದೆ. ಬೀದಿಯ ಕಡೆಯದನ್ನು ಕೇಳಿರಲೇ ಇಲ್ಲ. ಈಗ ಕೇಳಿದೆ. ಮೊದಲು ನನ್ನ ದನಿ ಬರುತ್ತದೆ: ‘ಗಡಿಯಾರದಂಗಡಿ ಬೀದಿ, ವಾಲ್ವ್ ಗುಂಡಿ, ಜನವರಿ ಹನ್ನೊಂದು, ಬೆಳಗ್ಗೆ ಹತ್ತೂವರೆ.’ ಆಮೇಲೆ ಯಾರೋ ಶಟರ್ ಎತ್ತುತ್ತಾರೆ. ರಿಪೇರಿಯವರು ಗಿರಾಕಿಯ ಜೊತೆ ಮಾತಾಡುತ್ತಾರೆ. ಮೂರನೇ ನಿಮಿಷಕ್ಕೆ ನಾವು.

‘ಅಕ್ಕ, ಈ ಸುಯ್ ಅನ್ನೋದು ಏನು?’

‘ನೀರು. ಪೈಪಲ್ಲಿ ಇನ್ನೇನು ಹಾಲು ಬರುತ್ತಾ?’

‘ಒಂದ್ಸಲ ಹೆಡ್‌ಫೋನ್ ಹಾಕ್ಕೊಂಡು ಕೇಳು. ಬೇರೆ ಬೀದಿ ಥರ ಇಲ್ಲ ಇದು.’

‘ನಿನ್ನ ಆಟಕ್ಕೆ ನಾನು ಬರಲ್ಲ. ಅಮ್ಮನ ಹತ್ರ ಆಡಿದ್ದು ಸಾಲಲಿಲ್ವಾ?’

‘ಮತ್ತೆ ಅದನ್ನೇ ತೆಗೀಬೇಡ.’

‘ತೆಗೆಸ್ತಿರೋನು ನೀನು. ಮುಗೀತಾ? ತಂತಿ ಸುತ್ತಿಕೋ, ಇನ್ನೂ ಮೂರು ಬೀದಿ ಇದೆ.’

ಆಮೇಲೆ ಕಾಗದ ಮಗುಚುವ ಸದ್ದು. ಪೆನ್ನಿನ ಸದ್ದು. ಆರನೇ ನಿಮಿಷಕ್ಕೆ ನಾನು ಯಂತ್ರ ನಿಲ್ಲಿಸಿದ್ದೇನೆ. ನಿನ್ನ ಕೋಲು ಕಬ್ಬಿಣಕ್ಕೆ ತಾಗಿದ ಸದ್ದು ಎಲ್ಲೂ ಇಲ್ಲ. ಹುಡುಕಿ ಹುಡುಕಿ ಕೇಳಿದೆ, ಇರಲಿ ಎಂದು ಬೇಡಿಕೊಂಡು ಕೇಳಿದೆ. ಇಲ್ಲ. ಯಂತ್ರ ನಿಲ್ಲಿಸಿದ ಮೇಲೆ ನಾವು ನೇರ ನಿನ್ನ ಸ್ಕೂಟರಿಗೆ ನಡೆದೆವು. ಅದು ನನಗೆ ನೆನಪಿದೆ.

ಆ ಪೆನ್ನಿನಲ್ಲಿ ಏನು ಬರೆದೆ ಅಕ್ಕ?

ತಮ್ಮ


ಏಪ್ರಿಲ್ 2

‘ಸದ್ದಿಲ್ಲ’ ಎಂದು ಬರೆದೆ.

ಪರಿಶೀಲನೆಯ ಹಾಳೆಯಲ್ಲಿ ಎರಡೇ ಕಲಂ. ಸದ್ದಿದೆ, ಸದ್ದಿಲ್ಲ. ಆ ಗುಂಡಿಯಲ್ಲಿ ಕೋಲಿಡಲು ಇದ್ದದ್ದು ಒಂದೇ ಕಬ್ಬಿಣದ ತುದಿ. ಅದರ ಮೇಲೆ ನೀನು ನಿನ್ನ ಮೈಕು ಅಂಟಿಸಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದೆ. ‘ಏಳು, ತೆಗಿ, ನನ್ನ ಕೆಲಸ ಆಗಲಿ’ ಅನ್ನಬಹುದಿತ್ತು. ಅನ್ನಲಿಲ್ಲ. ನಿನ್ನ ಪಕ್ಕದಲ್ಲಿ ಬಗ್ಗಿ ಕೂರಲು ಮನಸ್ಸಾಗಲಿಲ್ಲ. ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಕಿವಿಯಿಡದೆ ಬರೆದದ್ದು ಅದೊಂದೇ ಬೀದಿ.

ನಿನ್ನ ಪ್ರದರ್ಶನದಲ್ಲಿ ಅದನ್ನು ಕಿವಿಗಿಟ್ಟುಕೊಂಡ ಮೊದಲ ಕ್ಷಣಕ್ಕೇ ಗೊತ್ತಾಯಿತು. ಆಮೇಲೆ ಕೇಳಿಸಿಕೊಂಡದ್ದೆಲ್ಲ ಸುಮ್ಮನೆ.

ಏನು ಮಾಡುತ್ತೀಯೋ ಮಾಡು. ಗೋಡೆಗೆ ಹಾಕು. ಕೆಳಗಿನ ಸಾಲನ್ನು ಈ ಸಲ ನಾನೇ ಬರೆದುಕೊಡುತ್ತೇನೆ.

ಅಕ್ಕ


ಮೇ 6

ಮೇಡಂ ಅವರಿಗೆ ವಾಲ್ವ್ ತಿರುಗಿಸುವವನ ನಮಸ್ಕಾರ.

ನನ್ನ ಅಕ್ಷರ ಚೆನ್ನಾಗಿಲ್ಲ. ಆಫೀಸಿಗೆ ಬಂದರೆ ಒಳಗೆ ಬಿಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಜನವರಿಯಿಂದ ಅಮಾನತಿನಲ್ಲಿದ್ದೇನೆ ಎಂದು ನಿಮಗೆ ಗೊತ್ತು. ಈಗ ಪೊಲೀಸರೂ ಕರೆಯುತ್ತಿದ್ದಾರೆ. ನಾನು ಅವತ್ತು ವಾಲ್ವನ್ನು ಒಂದೇ ಬಿರುಸಿಗೆ ತಿರುಗಿಸಿದೆನಂತೆ, ನೀರು ನುಗ್ಗಿ ಪೈಪು ಒಡೆಯಿತಂತೆ. ಆ ವಾಲ್ವಿಗೆ ನಲವತ್ತೆರಡು ಸುತ್ತು. ಎಲ್ಲ ದಿನದ ಹಾಗೆ ಅವತ್ತೂ ಇಪ್ಪತ್ತು ನಿಮಿಷ ತೆಗೆದುಕೊಂಡೇ ಬಿಚ್ಚಿದೆ. ನೋಡಿದವರು ಯಾರಿದ್ದಾರೆ? ಹತ್ತೊಂಬತ್ತು ವರ್ಷ ನಾನು ವಾಲ್ವ್ ಬಿಚ್ಚುವುದನ್ನು ಯಾರೂ ನಿಂತು ನೋಡಿಲ್ಲ.

ನೀವು ಆ ಬೀದಿಯ ಹಾಳೆ ಕೊಟ್ಟಿದ್ದೀರಂತೆ, ಹನ್ನೊಂದು ದಿನ ಮುಂಚಿನದು, ‘ಸದ್ದಿಲ್ಲ’ ಎಂದು. ಹಾಗಾಗಿ ಪೈಪು ಗಟ್ಟಿಯಾಗಿತ್ತು, ಇವನೇ ಒಡೆದ ಎಂದು ಸಾಹೇಬರು ಹೇಳುತ್ತಾರೆ. ನೀವು ಸುಳ್ಳು ಬರೆಯುವವರಲ್ಲ. ಮೇಡಂ ಕಿವಿ ತಪ್ಪಲ್ಲ ಎಂದು ನಾನೇ ಹತ್ತು ಜನಕ್ಕೆ ಹೇಳಿದ್ದೇನೆ. ಹಾಗಾದರೆ ನನ್ನ ಕೈ ತಪ್ಪಿರಬೇಕು. ಮೊದಮೊದಲು ಇಲ್ಲ ಇಲ್ಲ ಎನ್ನುತ್ತಿದ್ದೆ. ಈಗ ನನಗೇ ಅನುಮಾನ ಬಂದಿದೆ. ಮೂವತ್ತು ಸುತ್ತು ಆದ ಮೇಲೆ ಜೋರು ಮಾಡಿದೆನಾ? ಬೇರೆ ಏನೋ ಯೋಚನೆಯಲ್ಲಿದ್ದೆನಾ? ಗಡಿಯಾರದವರು ನನಗೆ ಬೇಕಾದವರು. ದಿನಾ ‘ಬಂದ್ಯಾ, ಈಗ ಊರಿಗೆ ಹೊತ್ತು ಗೊತ್ತಾಯ್ತು’ ಎನ್ನುತ್ತಿದ್ದರು. ಮನೆಯಲ್ಲಿ ನಲ್ಲಿಯನ್ನೂ ನಾನು ಮುಟ್ಟುವುದಿಲ್ಲ, ಹೆಂಡತಿಯೇ ಬಂದು ತಿರುಗಿಸುತ್ತಾಳೆ.

ನಾನು ಕೇಳುವುದು ಇಷ್ಟೇ. ಕಿವಿಗೆ ಕೇಳಿಸದ ಹಾಗೆ ಪೈಪು ಒಳಗೇ ಕೆಟ್ಟಿರುವುದು ಉಂಟಾ? ಉಂಟು ಎನ್ನುವುದಾದರೆ ಆ ಒಂದು ಮಾತು ವಿಚಾರಣೆಯಲ್ಲಿ ಹೇಳಿ. ಇಲ್ಲ ಎನ್ನುವುದಾದರೆ ನನಗೆ ಮಾತ್ರ ಹೇಳಿ. ನಾನು ಒಪ್ಪಿಕೊಂಡುಬಿಡುತ್ತೇನೆ.

ನಿಮ್ಮ ಕೈಕೆಳಗಿನವನು


ಮೇ 11

ತಮ್ಮ,

ಜೊತೆಯಲ್ಲಿರುವ ಕಾಗದ ಓದು. ಓದಿ ವಾಪಸು ಕಳಿಸು, ಅದನ್ನು ನೀನು ಇಟ್ಟುಕೊಳ್ಳುವಂತಿಲ್ಲ.

ಮಾರ್ಚ್ ಮೂವತ್ತಕ್ಕೆ ನಿನಗೆ ಎಲ್ಲ ಗೊತ್ತಾಯಿತು. ಇವತ್ತಿಗೆ ನಲವತ್ತೆರಡು ದಿನ. ನೀನು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಾನು ನಿನ್ನನ್ನು ಬೈದುಕೊಂಡು ಕೂತೆ, ನೀನು ನನ್ನನ್ನು ಬೈದುಕೊಂಡು ಕೂತೆ. ಅಷ್ಟರಲ್ಲಿ ಒಬ್ಬ ಮನುಷ್ಯ ತಾನು ಮಾಡದ್ದನ್ನು ತಾನೇ ಮಾಡಿದೆ ಎಂದು ನಂಬುವ ಮಟ್ಟಕ್ಕೆ ಬಂದಿದ್ದಾನೆ.

ಆ ರೆಕಾರ್ಡಿಂಗನ್ನು ವಿಚಾರಣಾಧಿಕಾರಿಗೆ ಕಳಿಸು. ಆರು ನಿಮಿಷವೂ. ವಿಳಾಸ ಹಿಂಬದಿಯಲ್ಲಿದೆ.

ಅಕ್ಕ


ಮೇ 17

ಅಕ್ಕ,

ವಾಲ್ವ್‌ನವರ ಕಾಗದ ವಾಪಸು ಇಟ್ಟಿದ್ದೇನೆ. ಓದಿದೆ.

ನನಗೆ ಪರಿಚಯದ ಒಬ್ಬ ವಕೀಲರನ್ನು ಕೇಳಿದೆ, ನಿನ್ನ ಹೆಸರು ಹೇಳಲಿಲ್ಲ. ಬೇಕೆಂದೇ ಕಿವಿಯಿಡದೆ ‘ಸದ್ದಿಲ್ಲ’ ಎಂದು ಬರೆದವರಿಗೆ ಕೆಲಸ ಹೋಗುತ್ತದೆ, ಒಂದು ಸಾವಾಗಿರುವುದರಿಂದ ಕೇಸೂ ಬೀಳುತ್ತದೆ ಎಂದರು. ಅದಕ್ಕೆ ಒಂದು ದಾರಿ ಯೋಚಿಸಿದ್ದೇನೆ. ಪೂರ್ತಿ ಓದಿ ಆಮೇಲೆ ಬೈಯಿ.

ಬರೀ ಪೈಪಿನ ಕಡೆಯದನ್ನು, ನನ್ನ ದನಿಯಲ್ಲಿರುವ ತಾರೀಖಿನ ಜೊತೆ ಕಳಿಸುತ್ತೇನೆ. ಬೀದಿಯ ಕಡೆಯ ಉಳಿದದ್ದನ್ನೆಲ್ಲ ಕತ್ತರಿಸುತ್ತೇನೆ. ನಮ್ಮ ಮಾತು ಇರುವುದಿಲ್ಲ. ಅಷ್ಟಕ್ಕೇ ಸೋರಿಕೆ ಮೊದಲೇ ಇತ್ತು ಎಂದು ಗೊತ್ತಾಗುತ್ತದೆ, ವಾಲ್ವ್‌ನವರು ಬಚಾವಾಗುತ್ತಾರೆ. ನಿನ್ನನ್ನು ಕೇಳಿದರೆ ಹೇಳು: ನಾನು ಕೋಲಿಟ್ಟು ಕೇಳಿದೆ, ನನ್ನ ಕಿವಿಗೆ ಬೀಳಲಿಲ್ಲ, ಅವನ ಯಂತ್ರ ಸೂಕ್ಷ್ಮ, ಅದಕ್ಕೆ ಬಿತ್ತು. ಇದನ್ನು ಯಾರೂ ಸುಳ್ಳೆನ್ನಲು ಆಗುವುದಿಲ್ಲ. ನಿನಗೆ ಐವತ್ತನಾಲ್ಕು. ಈ ವಯಸ್ಸಿಗೆ ಕಿವಿ ಸ್ವಲ್ಪ ಮಂದವಾಗುವುದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಮರ್ಯಾದೆಯಿಂದ ಬೇಗ ನಿವೃತ್ತಿ ತೆಗೆದುಕೊಂಡು ಹೊರಬರಬಹುದು.

ನಿನ್ನ ಮೇಲೆ ಪ್ರೀತಿ ಉಕ್ಕಿ ಹೇಳುತ್ತಿಲ್ಲ. ನಿನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ, ಸಾಯುವವರೆಗೂ ಇರುತ್ತದೆ. ಆದರೆ ನೀನು ಜೈಲಿನಲ್ಲಿದ್ದರೆ ಅದನ್ನು ಯಾರ ಮೇಲೆ ತೀರಿಸಿಕೊಳ್ಳಲಿ?

ತಮ್ಮ


ಮೇ 20

ತಮ್ಮ,

ಓದಿದೆ. ಪೂರ್ತಿ ಓದಿಯೇ ಬೈಯುತ್ತಿದ್ದೇನೆ.

ನನ್ನ ಕಿವಿ ಮಂದ ಎಂದು ನಾನು ಹೇಳಬೇಕು. ಅದೂ ನಿನ್ನ ಡಬ್ಬಿಯ ಎದುರಿಗೆ. ನಾಲ್ಕಡಿ ಕೆಳಗೆ ಸೂಜಿಯಷ್ಟು ತೂತಿದ್ದರೂ, ಪಕ್ಕದಲ್ಲಿ ಲಾರಿ ಹೋಗುತ್ತಿದ್ದರೂ ಹಿಡಿದಿದ್ದೇನೆ. ಒಂದು ಸಲ ಮೂವರು ಇಂಜಿನಿಯರುಗಳು ಇಲ್ಲ ಎಂದ ಕಡೆ ‘ಅಗೀರಿ’ ಎಂದೆ. ಅಗೆದರು, ಇತ್ತು. ಆ ಬೀದಿಯ ಆ ಸದ್ದು ನನ್ನ ಕಿವಿಗೆ ಬೀಳದೇ ಇರುವುದು ಸಾಧ್ಯವೇ ಇರಲಿಲ್ಲ. ಕೋಲು ಇಟ್ಟಿದ್ದರೆ ಮೊದಲ ಉಸಿರಿಗೇ ತಿಳಿಯುತ್ತಿತ್ತು. ರಸ್ತೆ ಮುಚ್ಚಿಸುತ್ತಿದ್ದೆ, ಆ ಮುದುಕರ ಮೇಜನ್ನು ನಾನೇ ಎತ್ತಿ ಆಚೆ ಬದಿಗೆ ಇಡುತ್ತಿದ್ದೆ.

ನನ್ನ ಕಿವಿಗೆ ಕೇಳಿಸಲಿಲ್ಲ ಎಂದು ಹೇಳುವುದಿಲ್ಲ. ನಾನು ಕಿವಿಯಿಡಲಿಲ್ಲ ಎಂದು ಹೇಳುತ್ತೇನೆ. ಎರಡಕ್ಕೂ ಇರುವ ವ್ಯತ್ಯಾಸ ನಿನಗೆ ತಿಳಿಯದಿದ್ದರೆ ಹನ್ನೆರಡು ವರ್ಷದಿಂದ ನೀನು ಕೇಳುತ್ತಿರುವುದೇನು?

ಇದನ್ನು ಅಹಂಕಾರ ಎನ್ನುತ್ತೀಯ. ಅನ್ನು. ವಾಲ್ವ್‌ನವನು ‘ಮೇಡಂ ಕಿವಿ ತಪ್ಪಲ್ಲ’ ಎಂದು ನಂಬಿ ತನ್ನ ಕೈಯನ್ನೇ ಅನುಮಾನಿಸಿದ. ಈಗ ನನ್ನ ಕಿವಿಯೇ ಕೆಟ್ಟಿತ್ತು ಎಂದರೆ ಅವನ ಕೈ ಉಳಿಯುತ್ತದೆ, ಸರಿ. ಆದರೆ ಅದು ಇನ್ನೊಂದು ಸುಳ್ಳು ಹಾಳೆ. ಒಂದು ಹಾಳೆಗೆ ಒಬ್ಬರು ಸತ್ತಿದ್ದಾರೆ.

ಆರು ನಿಮಿಷವನ್ನೂ ಕಳಿಸು. ಒಂದು ಕ್ಷಣ ಕತ್ತರಿಸಿದರೂ ನಾನೇ ಎದ್ದು ನಿಂತು ‘ಇಲ್ಲಿ ಕತ್ತರಿಸಿದ್ದಾನೆ’ ಎಂದು ಹೇಳುತ್ತೇನೆ. ಆಗ ನಮ್ಮಿಬ್ಬರ ಮೇಲೂ ಕೇಸು ಬೀಳುತ್ತದೆ. ಚಿಕ್ಕಂದಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿದ್ದು ಸಾಕು, ಒಂದೇ ಸೆಲ್ಲಿನಲ್ಲಿ ನಿನ್ನ ಗೊರಕೆ ಕೇಳಲಾರೆ.

ಅಕ್ಕ


ಜೂನ್ 3

ಅಕ್ಕ,

ಕಳಿಸಿದೆ. ಎರಡೂ ಕಡೆಯದು, ಆರು ನಿಮಿಷವೂ. ಇಪ್ಪತ್ತಾರನೇ ತಾರೀಖು ಬಂದು ಕೇಳಿಸಿ, ನಿಮ್ಮದೇ ಎಂದು ಸಾಕ್ಷಿ ಹೇಳಿ ಎಂದು ಕಾಗದ ಬಂದಿದೆ. ನೀನು ಗೆದ್ದೆ.

ಒಂದು ವಿಷಯ ಅಲ್ಲಿ ಯಾರೂ ಕೇಳುವುದಿಲ್ಲ, ನೀನೂ ಮೊದಲ ಕಾಗದದಲ್ಲಿ ಒಂದು ಸಾಲಿನಲ್ಲಿ ಚುಚ್ಚಿ ಬಿಟ್ಟೆ. ಜನವರಿ ಇಪ್ಪತ್ತೆರಡರ ಸುದ್ದಿ ಓದಿದ ದಿನವೇ ನಾನು ಹದಿನಾಲ್ಕನೆಯದನ್ನು ಆರಿಸಿದ್ದು. ಅದಕ್ಕೆ ಮುಂಚೆ ಪ್ರದರ್ಶನಕ್ಕೆ ಹತ್ತೊಂಬತ್ತೇ ಇದ್ದವು. ಆ ಬೀದಿಯದು ನನ್ನ ಹತ್ತಿರ ಇದೆ ಎಂದು ನೆನಪಾದಾಗ ನನಗೆ ಮೊದಲು ಆದದ್ದು ದುಃಖವಲ್ಲ. ಸದ್ಯ, ಸಿಕ್ಕಿತು ಅನ್ನಿಸಿತು. ಗೋಡೆಯಿಂದ ಇವತ್ತು ಇಳಿಸಿದೆ. ಮೊಳೆ ಅಲ್ಲೇ ಇದೆ.

ಇಪ್ಪತ್ತಾರಕ್ಕೆ ನಿನ್ನ ಪಕ್ಕದಲ್ಲಿ ಕೂರುವುದಿಲ್ಲ. ನೀನು ಕರೆಯುವುದೂ ಇಲ್ಲ, ಗೊತ್ತು. ಹೇಳಿಟ್ಟಿರುತ್ತೇನೆ.

ತಮ್ಮ


ಜುಲೈ 1

ತಮ್ಮ,

ಸಾಕ್ಷಿ ಹೇಳಿದ ಕೂಡಲೇ ನಿನ್ನನ್ನು ಹೊರಗೆ ಕಳಿಸಿದರು. ನೀನು ನನ್ನ ಕಡೆ ನೋಡದೆ ಹೋದೆ. ಆಮೇಲಿನದು ನಿನಗೆ ಗೊತ್ತಿಲ್ಲ, ಬೇರೆ ಯಾರೂ ನಿನಗೆ ಹೇಳುವುದೂ ಇಲ್ಲ.

ಅಧಿಕಾರಿ ನನ್ನನ್ನು ಕೇಳಿದರು, ‘ಇದು ನಿಮ್ಮ ದನಿಯಾ?’

‘ಹೌದು.’

‘ಅವತ್ತು ನೀವು ಪರೀಕ್ಷೆ ಮಾಡಿದ್ರಾ?’

‘ಇಲ್ಲ.’

‘ಮಾಡಿದ್ದರೆ ಗೊತ್ತಾಗ್ತಿತ್ತಾ?’

‘ನನಗಾ? ಗೊತ್ತಾಗ್ತಿತ್ತು.’

ಅವರು ಪೆನ್ನು ಕೆಳಗಿಟ್ಟರು. ನನ್ನ ವಕೀಲರು ಹಣೆಗೆ ಕೈಯಿಟ್ಟುಕೊಂಡರು.

ವಾಲ್ವ್‌ನವನ ಮೇಲಿನ ಆರೋಪ ಬಿಟ್ಟಿದ್ದಾರೆ. ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದಾನೆ. ಮೆಟ್ಟಿಲಿನಲ್ಲಿ ಎದುರಾದ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಮಸ್ಕಾರ ಮಾಡದೆ ಹೋದ. ನಾಲ್ಕು ಮೆಟ್ಟಿಲು ಇಳಿದವನು ತಿರುಗಿ ನಿಂತು, ‘ಐದು ತಿಂಗಳು, ಮೇಡಂ’ ಎಂದ. ಅಷ್ಟೇ ಎಂದ. ನನಗೆ ಅಮಾನತಿನ ಆದೇಶ ಬಂದಿದೆ. ಕೋಲನ್ನು ಆಫೀಸಿಗೆ ಒಪ್ಪಿಸಿ ಸಹಿ ಹಾಕಿ ಬಂದೆ. ಮುಂದಿನ ತಿಂಗಳಿಂದ ಕೋರ್ಟು.

ಬರೆಯಬೇಕಾದದ್ದು ಇದಲ್ಲ.

ಎಲ್ಲರೂ ಎದ್ದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬಾಕೆ ಬಂದಳು. ಮೂವತ್ತು ದಾಟಿದವಳು. ಗಡಿಯಾರ ರಿಪೇರಿಯವರ ಮಗಳು. ಮೈಗೆ ಕೈ ಹಾಕುತ್ತಾಳೆ ಎಂದುಕೊಂಡೆ. ಹಾಕಲಿ ಎಂದೇ ನಿಂತೆ. ಅವಳು ನನ್ನನ್ನು ದಾಟಿಕೊಂಡು ಗುಮಾಸ್ತರ ಹತ್ತಿರ ಹೋಗಿ, ‘ಅದನ್ನ ಇನ್ನೊಂದ್ಸಲ ಕೇಳಬಹುದಾ?’ ಎಂದಳು. ಅವರು ಹೆಡ್‌ಫೋನು ಕೊಟ್ಟರು. ನಿಂತೇ ಕೇಳಿದಳು. ಪೈಪಿನ ಕಡೆಯದನ್ನು ಕಿವಿಯಿಂದ ಸರಿಸಿ, ಬೀದಿಯ ಕಡೆಯದನ್ನು ಎರಡು ಕೈಯಲ್ಲಿ ಒತ್ತಿ ಹಿಡಿದುಕೊಂಡಳು.

ನಾವಿಬ್ಬರೂ ಅದನ್ನು ಕೇಳಿದ್ದೇವೆ. ನೀನು ನನ್ನ ಕೋಲಿನ ಸದ್ದು ಹುಡುಕಿದೆ. ನಾನು ಕಲ್ಲಿನ ಸದ್ದು ಕೇಳಿದೆ. ಅಲ್ಲಿ ಇನ್ನೊಬ್ಬರು ಮಾತಾಡುತ್ತಿದ್ದಾರೆ ಎಂದು ನೀನು ಒಂದು ಸಾಲು ಬರೆದೆ, ನಾನು ಅದನ್ನು ಓದಿ ದಾಟಿದೆ. ಅವಳು ಕೇಳಿದ್ದು ಅದನ್ನೇ. ಅವಳ ತುಟಿ ಆಡುತ್ತಿತ್ತು. ಆಮೇಲೆ ಗುಮಾಸ್ತರಿಗೆ ಹೇಳಿದಳು: ‘ಯಾರದೋ ಅಜ್ಜನ ವಾಚ್ ಅಂತೆ. ನಮ್ಮಪ್ಪ ಹೇಳ್ತಿದಾರೆ, ಅವಸರ ಮಾಡ್ಬೇಡಿ, ಇದು ನಿಮಗಿಂತ ದೊಡ್ಡದು, ಮರ್ಯಾದೆ ಕೊಟ್ಟು ಬಿಚ್ಚಬೇಕು ಅಂತ.’ ಹೇಳಿ ನಕ್ಕಳು. ನಗು ಅರ್ಧಕ್ಕೆ ನಿಂತಿತು. ಮೂರನೇ ನಿಮಿಷ ಬಂದಿರಬೇಕು. ಹೆಡ್‌ಫೋನು ತೆಗೆದುಬಿಟ್ಟಳು.

ಆಗ ನನ್ನ ಹತ್ತಿರ ಬಂದಳು. ‘ನಮ್ಮನೇಲಿ ಅಪ್ಪನ ದನಿ ಎಲ್ಲೂ ಇಲ್ಲ’ ಎಂದಳು. ‘ಫೋಟೋ ಇದೆ. ದನಿ ಇಲ್ಲ. ನನಗೊಂದು ಕಾಪಿ ಬೇಕು.’

‘ನನ್ನ ತಮ್ಮನಿಗೆ ಹೇಳ್ತೀನಿ’ ಎಂದೆ.

‘ನೀವು ಮಾತಾಡೋಕೆ ಶುರು ಮಾಡೋದಕ್ಕೆ ಮುಂಚಿನದು ಮಾತ್ರ’ ಎಂದಳು. ‘ನಿಮ್ಮ ದನಿ ನನ್ನ ಮನೆಯೊಳಗೆ ಬರಕೂಡದು.’

ಆಗಲಿ ಎಂದೆ. ಬೇರೆ ಏನೋ ಹೇಳಲು ಬಾಯಿ ತೆಗೆದೆ. ಅವಳು ಕೈ ಅಡ್ಡ ಹಿಡಿದಳು.

ಒಂದು ಕ್ಷಣ ಕತ್ತರಿಸಿದರೂ ಬಿಡುವುದಿಲ್ಲ ಎಂದು ನಿನಗೆ ಬರೆದವಳು ನಾನೇ. ಈಗ ಹೇಳುತ್ತೇನೆ, ಕತ್ತರಿಸು. ನಾವಿಬ್ಬರೂ ಅದರಲ್ಲಿ ಇರಬಾರದು. ತಾರೀಖು ಹೇಳುವ ನಿನ್ನ ದನಿಯೂ ಬೇಡ. ಪೈಪೂ ಬೇಡ. ಆ ಮನುಷ್ಯ, ಅವರ ಗಿರಾಕಿ, ಬೀದಿ, ಅಷ್ಟು ಸಾಕು. ಮೂರನೇ ನಿಮಿಷಕ್ಕೆ ಸ್ವಲ್ಪ ಮುಂಚೆ ನೀನು ‘ಅಕ್ಕ’ ಎನ್ನಲು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ಅದಕ್ಕೂ ಮುಂಚೆ ನಿಲ್ಲಿಸು.

ವಿಳಾಸ ಹಿಂಬದಿಯಲ್ಲಿ ಬರೆದಿದ್ದೇನೆ. ಅಂಚೆಗೆ ಹಾಕಬೇಡ, ಕೈಯಾರೆ ಕೊಡು. ಒಳಗೆ ಬಾ ಎನ್ನುವುದಿಲ್ಲ. ಎಂದರೂ ಹೋಗಬೇಡ. ಬಾಗಿಲಲ್ಲಿ ಕೊಟ್ಟು, ಅವಳು ಏನಾದರೂ ಅಂದರೆ ಅನ್ನಿಸಿಕೊಂಡು ಬಾ.

ಅಕ್ಕ